ನೀರು ಬಿದ್ದ ಪಾಟಾ

"ಅವ್ವಾ, ಗಫೂರ ನಾನಾ ಈಗ ಕಬ್ಬಿಣದ ಮಾತು ಯಾಕ ಕೇಳಂಗಿಲ್ಲ?"

ಗುಡಿಯಾ ಇದನ್ನು ಕೇಳಿದ್ದು ಹೊಸ್ತಿಲ ಮೇಲೆ ಕೂತು, ಒಂದೇ ಕಾಲಿಗೆ ಸಾಕ್ಸ್ ಹಾಕಿಕೊಂಡು. ಅವಳ ಅವ್ವ ಕರುಣಾ ಇನ್ನೊಂದು ಸಾಕ್ಸಿಗಾಗಿ ಹಾಸಿಗೆಯ ಕೆಳಗೆ ಬಗ್ಗಿದ್ದಳು. "ಸಾಲಿ ವ್ಯಾನ್ ಬಂತು, ಮದಲ ಕಾಲು ಚಾಚು" ಅಂದಳು. ಐದು ವರ್ಷದ ಹುಡುಗಿ ಕಾಲು ಚಾಚಲಿಲ್ಲ.

"ದಿನಾ ಸುತಗಿಲಿ ಬಡೀತಿದ್ರು, ಕಿವಿ ಹಚ್ಚಿ ಕೇಳ್ತಿದ್ರು. ಈಗ ಸುಮ್ಮ ಕೂಡ್ತಾರ. ಕಬ್ಬಿಣ ಅವರ ಮ್ಯಾಲ ಸಿಟ್ಟಾಗ್ಯಾದೇನು?"

ಎರಡು ಮನೆಯ ನಡುವೆ ಇದ್ದದ್ದು ಒಂದು ರಸ್ತೆಯಷ್ಟೇ. ಆಚೆ ಬದಿಯಲ್ಲಿ, ಬೋರಲು ಹಾಕಿದ ಡಬ್ಬದ ಮೇಲೆ ಚಾದ ಬಸಿ ಹಿಡಿದು ಕೂತಿದ್ದ ಅಬ್ದುಲ ಗಫೂರ ಸಾಬರಿಗೆ ಆ ಮಾತು ನೆಟ್ಟಗೆ ಬಂದು ತಾಗಿತು. ಬಸಿಯೊಳಗಿನ ಚಾ ಹಾಗೇ ಆರಿತು. ಸಾಲಿ ವ್ಯಾನು ಬಂದು ನಿಂತಿತು, ಗುಡಿಯಾ ಏರಿದಳು, ವ್ಯಾನಿನ ಹಿಂಭಾಗ ಒಂದಿಷ್ಟು ಕುಗ್ಗಿ ಮತ್ತೆ ಎದ್ದಿತು. ಗಫೂರ ಸಾಬರ ಕಣ್ಣು ಹೋದದ್ದು ಕೈ ಬೀಸುತ್ತಿದ್ದ ಕೂಸಿನ ಮೇಲಲ್ಲ, ವ್ಯಾನಿನ ಗಾಲಿಯ ಮೇಲೆ ಭಾರ ಹೊರುವ ಉಕ್ಕಿನ ಪಾಟಾದ ಮೇಲೆ. ಅದು ತಾವು ಕೊಟ್ಟದ್ದಲ್ಲ ಅಂತ ಗೊತ್ತಿತ್ತು. ಆದರೂ ವ್ಯಾನು ತಿರುವಿನಲ್ಲಿ ಮರೆಯಾಗುವ ತನಕ ಅವರು ಉಸಿರು ಬಿಡಲಿಲ್ಲ.

ಹನ್ನೊಂದು ದಿನದಿಂದ ಹೀಗೇ ಆಗಿತ್ತು.

ಬೀದರಿನಿಂದ ಚಿದ್ರಿ ಕಡೆಗೆ ಹೋಗುವ ರಸ್ತೆಯ ಮಗ್ಗುಲಿಗೆ, ತಗಡಿನ ಬೇಲಿ ಹಾಕಿದ ಒಂದು ಅಂಗಳ ಗಫೂರ ಸಾಬರದು. ನೆಲ ಕೆಂಪು, ಅದರ ಮೇಲೆ ಎಣ್ಣೆ ಕುಡಿದು ಕುಡಿದು ಕಪ್ಪಾದ ತೇಪೆಗಳು. ಹಳೆಯ ಲಾರಿ ಬಿಚ್ಚುವವರು ಊರಲ್ಲಿ ಇನ್ನೂ ನಾಲ್ಕು ಮಂದಿ ಇದ್ದಾರೆ. ಆದರೆ ಸುಟ್ಟ ಲಾರಿ ಅಂದರೆ ಗಫೂರ ಸಾಬರೇ. ಉಳಿದವರು ಸುಟ್ಟ ಗಾಡಿಯನ್ನು ತೂಕಕ್ಕೆ ಹಾಕಿ ಕೈ ತೊಳೆದುಕೊಂಡರೆ, ಇವರು ಅದರ ಕೆಳಗೆ ಗೋಣಿಚೀಲ ಹಾಸಿ ಮಲಗಿ, ಏನು ಸತ್ತಿದೆ ಏನು ಉಳಿದಿದೆ ಅಂತ ನೋಡುತ್ತಿದ್ದರು. "ಬೆಂಕಿ ಮ್ಯಾಲ ಓಡ್ತದ, ಜೀವ ಕೆಳಗ ಅಡಗ್ತದ" ಅನ್ನುವುದು ಅವರ ಮಾತು. ಕ್ಯಾಬಿನ್ನಿನ ಗಾಜು ಬೆಲ್ಲದ ಪಾಕದ ಹಾಗೆ ಕರಗಿ ಇಳಿದಿದ್ದರೂ ಕೆಳಗಿನ ಗೇರ್ ಬಾಕ್ಸು ಹಲ್ಲು ಕಿರಿದುಕೊಂಡು ಸುಖವಾಗಿರುತ್ತದೆ. ಬ್ರೇಕಿನ ಡ್ರಮ್ಮನ್ನು ಹಗ್ಗಕ್ಕೆ ತೂಗುಹಾಕಿ ಸುತ್ತಿಗೆಯಿಂದ ಒಂದೇ ಏಟು. ಗುಡಿಯ ಗಂಟೆಯ ಹಾಗೆ ನಾದ ಎಳೆದರೆ ಜೀವ ಇದೆ, 'ಥಪ್' ಅಂದರೆ ಒಳಗೆ ಎಲ್ಲೋ ಬಿರಿದಿದೆ. ಗುಡಿಯಾ 'ಕಬ್ಬಿಣದ ಮಾತು' ಅಂದದ್ದು ಇದಕ್ಕೇ. ಎಷ್ಟೋ ಮುಂಜಾನೆ ಅವಳು ರಸ್ತೆ ದಾಟಿ ಹೋಗಿ, "ಏನ್ ಅಂತು ನಾನಾ?" ಅಂತ ಕೇಳುತ್ತಿದ್ದಳು. "ಹಸಿವಿ ಆಗ್ಯಾದ ಅಂತು, ಗುಡಿಯಾನ ಡಬ್ಬಿದಾಗಿಂದು ರೊಟ್ಟಿ ಬೇಕಂತು" ಅಂತ ಇವರು ಹೇಳುತ್ತಿದ್ದರು.

ಅವರ ಬಟ್ಟೆಗೆ ಹತ್ತಿದ ಸುಟ್ಟ ರಬ್ಬರಿನ ವಾಸನೆ ಯಾವ ಸಾಬೂನಿಗೂ ಹೋಗುವುದಲ್ಲ. ಹೆಂಡತಿ ಖೈರುನ್ನಿಸಾ ಅವುಗಳನ್ನು ಬೇರೆ ಬಕೀಟಿನಲ್ಲೇ ಒಗೆಯುತ್ತಾಳೆ. "ನಲ್ವತ್ತು ವರ್ಷ ಆತು, ನಾ ಮನುಷ್ಯಾನ ಕೂಡ ನಿಕಾ ಆಗಿಲ್ಲ, ಹೊಗಿ ಕೂಡ ಆಗೀನಿ" ಅಂತ ಕರುಣಾಳ ಮುಂದೆ ನಗುತ್ತಾಳೆ.

ಈ ವಿದ್ಯೆ ಕಲಿಸಿದವರು ಉಸ್ತಾದ ಕಾಶೀರಾಮ. ಅವರು ತೀರಿ ಇಪ್ಪತ್ತು ವರ್ಷವಾದರೂ ಗಫೂರ ಸಾಬರು ಅವರ ಹೆಸರು ಹೇಳುವಾಗ ಕಿವಿ ಮುಟ್ಟಿಕೊಳ್ಳುತ್ತಾರೆ. ಪಾಟಾದ ವಿಷಯದಲ್ಲಿ ಉಸ್ತಾದರದು ಎರಡು ಕಟ್ಟಪ್ಪಣೆ. ಪಾಟಾ ಅಂದರೆ ಲಾರಿಯ ಗಾಲಿಗಳ ಮೇಲೆ ಒಂದರ ಮೇಲೊಂದು ಪೇರಿಸಿದ, ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿ. ಹೇರಿದ ಭಾರವೆಲ್ಲ ಅದರ ಮೇಲೆ. ಬೆಂಕಿಯಲ್ಲಿ ಕಾದು ತಾನಾಗಿ ಆರಿದ ಪಾಟಾ ಮೆತ್ತಗಾಗುತ್ತದೆ. ಕಬ್ಬಿಣ ತಿಕ್ಕುವ ಅರ ಹಚ್ಚಿದರೆ ಬೆಣ್ಣೆಯ ಹಾಗೆ ಸವೆಯುತ್ತದೆ, ಅದನ್ನು ಬಿಸಾಕು. ಅರ ಜಾರಬೇಕು, ಆದರೆ ಪೂರ್ತಿ ಜಾರಬಾರದು, ಒಂದಿಷ್ಟು ಹಿಡಿದು ಬಿಡಬೇಕು. ಅದು ಒಳ್ಳೆಯ ಪಾಟಾ. ಇದು ಒಂದನೆಯ ಅಪ್ಪಣೆ. ಎರಡನೆಯದು ಇದಕ್ಕಿಂತ ಮೊದಲು ಮಾಡಬೇಕಾದದ್ದು. ಬೋಲ್ಟು ಬಿಚ್ಚುವ ಪಾನಾ ಕೈಗೆ ಎತ್ತಿಕೊಳ್ಳುವ ಮೊದಲು, ಬೆಂಕಿ ಆರಿಸಿದವರನ್ನು ಹುಡುಕಿ ಕೇಳು: ನೀರು ಬಿತ್ತೇನು? ಯಾವ ಕಡೆ ಬಿತ್ತು? ಯಾಕೆಂದರೆ ಕೆಂಪಗೆ ಕಾದ ಉಕ್ಕಿನ ಮೇಲೆ ತಣ್ಣೀರು ಬಿದ್ದರೆ ಅದು ಮೆತ್ತಗಾಗುವುದಿಲ್ಲ, ಗಾಜಿನಷ್ಟು ಗಟ್ಟಿಯಾಗುತ್ತದೆ. ಗಾಜಿನ ಹಾಗೇ ಮುರಿಯುತ್ತದೆ.

"ಮದಲ ಮಂದಿಗಿ ಕೇಳು, ಆಮ್ಯಾಗ ಕಬ್ಬಿಣಕ್ಕ ಕೇಳು" ಅನ್ನುತ್ತಿದ್ದರು ಉಸ್ತಾದರು.

ಗಫೂರ ಸಾಬರು ಒಂದೇ ಒಂದು ಸಲ ಮಂದಿಗೆ ಕೇಳಲಿಲ್ಲ.

ಶಿವರಾತ್ರಿ ಕಳೆದು ಎಂಟು ದಿನವಾಗಿತ್ತು. ಭಾಲ್ಕಿ ತಾಲೂಕಿನ ಹಲಬರ್ಗಾದಲ್ಲಿ ಏಕನಾಥ ಎಂಬವನ ಲಾರಿ, ಜೋಳದ ದಂಟಿನ ಕಣಿಕಿ ಹೇರಿಕೊಂಡು ಹೊಲದ ದಾರಿಯಲ್ಲಿ ಬರುವಾಗ, ಮೇಲೆ ಜೋತುಬಿದ್ದ ಕರೆಂಟಿನ ತಂತಿ ತಾಗಿ ಕಿಡಿ ಹಾರಿತು. ಒಣ ಕಣಿಕಿ, ಕೇಳಬೇಕೆ? ಏಕನಾಥ ಹಾರಿ ಜೀವ ಉಳಿಸಿಕೊಂಡ. ಲಾರಿ ಉಳಿಯಲಿಲ್ಲ.

ಮೂರನೆಯ ದಿನ ಗಫೂರ ಸಾಬರು ಹೋದಾಗ ಗಾಡಿ ಹೊಲದ ಬದುವಿಗೆ ಎಲುಬಿನ ಗೂಡಾಗಿ ನಿಂತಿತ್ತು. ಸುತ್ತ ಊರ ಮಂದಿ, ನೋಡಲು ಬಂದವರು. ಗಫೂರ ಸಾಬರಿಗೆ ನೋಡುವವರಿದ್ದರೆ ಹುರುಪು ಜಾಸ್ತಿ. ಸುಳ್ಳೇಕೆ? ಅದು ಅವರ ದೌರ್ಬಲ್ಯ. ಗೋಣಿಚೀಲ ಹಾಸುತ್ತಿರುವಾಗ ಏಕನಾಥನ ತಾಯಿ ಅಂಜನಾಬಾಯಿ ಸೆರಗು ಸಿಗಿಸಿಕೊಂಡು ಹತ್ತಿರ ಬಂದಳು.

"ಗಫೂರಭಾಯಿ, ಅವತ್ತು ಏನಾತಂದ್ರ, ನಾ ಬಾವಿ ಕಡಿಂದ..."

ಅವಳ ಮಾತು ಮುಗಿಯಲಿಲ್ಲ. ಗಫೂರ ಸಾಬರು ಮಂದಿಯ ಕಡೆ ಒಮ್ಮೆ ನೋಡಿ, ಮೀಸೆಯಲ್ಲಿ ನಕ್ಕು, "ನೀವು ಹೇಳೋದು ಬ್ಯಾಡ್ರಿ ಬಾಯಿ. ನಂಗ ಕಬ್ಬಿಣಾನೇ ಹೇಳ್ತದ" ಅಂದರು. ಮಂದಿ ನಕ್ಕರು. ಅಂಜನಾಬಾಯಿ ಬಾಯಿ ಮುಚ್ಚಿ ಹಿಂದೆ ಸರಿದಳು.

ಬಲಗಡೆಯ ಪಾಟಾಕ್ಕೆ ಅರ ಹಚ್ಚಿದರು. ಬೆಣ್ಣೆ. ಬಿಸಾಕಿದರು. ಎಡಗಡೆಯದಕ್ಕೆ ಹಚ್ಚಿದರು, ಅರ 'ಕಿರ್' ಅಂತ ಜಾರಿಯೇ ಹೋಯಿತು. ಇಷ್ಟು ಬೆಂಕಿಯಲ್ಲೂ ಇಂಥ ಗಟ್ಟಿ! "ವಾಹ್! ಗಾಳಿ ಬಲಕ್ಕ ಬೀಸ್ಯಾದ, ಎಡಗಡಿ ಉಳದದ. ನೋಡ್ರಿ ಮಾಲು!" ಅಂದರು. ಪಾಟಾದ ಬಣ್ಣ ಎರಡೂ ಕಡೆ ಒಂದೇ ರೀತಿ ಹಾರಿಹೋಗಿದ್ದನ್ನು ಕಣ್ಣು ನೋಡಿತ್ತು. ಅರ ಒಂದಿಷ್ಟೂ ಹಿಡಿಯಲಿಲ್ಲ ಅನ್ನುವುದು ಕೈಗೆ ತಿಳಿದಿತ್ತು. ಕಣ್ಣು ಕೈ ಎರಡೂ ಹೇಳಿದ್ದನ್ನು ಆ ಒಂದು 'ವಾಹ್' ನುಂಗಿಹಾಕಿತು.

ಎಡಗಡೆಯ ಕಟ್ಟಿನಿಂದ ಎರಡು ಪಾಟಾ ಅಂಗಳದಿಂದ ಹೊರಗೆ ಹೋದವು. ಒಂದನ್ನು ಔರಾದಿನ ಅಶ್ವಜಿತ ಒಯ್ದ. ಇಪ್ಪತ್ತಾರರ ಹುಡುಗ, ಸ್ವಂತ ಲಾರಿ, ಎರಡು ವರ್ಷದಿಂದ ಗಿರಾಕಿ. ಇನ್ನೊಂದನ್ನು ಒಯ್ದವನ ಹೆಸರು ಊರು ಒಂದೂ ಇವರಿಗೆ ಗೊತ್ತಿಲ್ಲ. ಕೆಂಪು ಕ್ಯಾಬಿನ್, ಹಿಂದಿನ ಹಲಗೆಯ ಮೇಲೆ ನಿಂಬೆಹಣ್ಣು ಮೆಣಸಿನಕಾಯಿಯ ಚಿತ್ರ, ಅರ್ಧ ಮರಾಠಿ ಅರ್ಧ ಕನ್ನಡದ ಮಾತು. ದಾರಿಯಲ್ಲಿ ಪಾಟಾ ಮುರಿದಿತ್ತಂತೆ, ಬಂದ, ಹಾಕಿಸಿಕೊಂಡ, ಹೋದ.

ಜೂನಿನಲ್ಲಿ, ಮಿರಗದ ಮೊದಲ ಮಳೆಗೆ ರಸ್ತೆಯಲ್ಲಿ ತೆಗ್ಗು ಬಿದ್ದವು. ಭಾಲ್ಕಿಯಿಂದ ಗೊಬ್ಬರದ ಚೀಲ ಹೇರಿಕೊಂಡು ಔರಾದಿಗೆ ಹೊರಟಿದ್ದ ಅಶ್ವಜಿತನ ಲಾರಿ ಒಂದು ತೆಗ್ಗಿಗೆ ಇಳಿದದ್ದೇ, ಪಾಟಾ ಮುರಿದು, ಗಾಡಿ ಎಡಕ್ಕೆ ಎಳೆದು, ನಾಲೆಗೆ ಉರುಳಿತು. ಅಶ್ವಜಿತನ ಕಾಲು ಎರಡು ಕಡೆ ಮುರಿಯಿತು. ಒಳಗೆ ರಾಡು ಹಾಕಿದರು.

ಸುದ್ದಿ ಕೇಳಿ ಗಫೂರ ಸಾಬರು ಓಡಿದರು. ಮೊದಲು ಹೋದದ್ದು ದವಾಖಾನೆಗಲ್ಲ, ಲಾರಿ ಬಿದ್ದ ಜಾಗಕ್ಕೆ. ಮುರಿದ ಪಾಟಾದ ಮುಖ ನೋಡಿದರು. ಒಳ್ಳೆಯ ಉಕ್ಕು ಮುರಿದರೆ ಕಪ್ಪು, ಎಳೆ ಎಳೆ. ಇದು ಕಲ್ಲುಸಕ್ಕರೆ ಒಡೆದ ಹಾಗೆ ಹರಳು ಹರಳಾಗಿ ಮಿಣಮಿಣ ಹೊಳೆಯುತ್ತಿತ್ತು. ಅವತ್ತು ಅವರು ಕೇಳಿಸಿಕೊಳ್ಳದ ಮಾತನ್ನು, ನೀರು ಬಿದ್ದದ್ದನ್ನು, ಕಬ್ಬಿಣ ಇವತ್ತು ಮತ್ತೆ ಹೇಳಿತು. ಅವರು ಸುತ್ತಮುತ್ತ ನೋಡಿ, ಆ ತುಂಡನ್ನು ಟವೆಲ್ಲಿನಲ್ಲಿ ಸುತ್ತಿ ಬಗಲಿಗೆ ಇಟ್ಟುಕೊಂಡರು. ಯಾರೂ ನೋಡಲಿಲ್ಲ.

ದವಾಖಾನೆಯಲ್ಲಿ ಅಶ್ವಜಿತನ ತಾಯಿ ಮಹಾಮಾಯಾ ಅವರ ಎರಡೂ ಕೈ ಹಿಡಿದು ಅತ್ತಳು. "ರಸ್ತಾ ಹಾಳು ಮಾಡ್ಯಾರ ಭಾಯಿ. ನಿಮ್ಮಂಥವರ ಕೈದು ಸಾಮಾನ ಇತ್ತು, ಅದಕ್ಕ ನನ ಮಗ ಇಷ್ಟರಾಗ ಉಳದಾನ" ಅಂದಳು. ಚಾ ತರಿಸಿದಳು, ಬಿಸ್ಕೀಟು ಕೊಟ್ಟಳು. ಬಗಲಲ್ಲಿ ತುಂಡು ಒತ್ತುತ್ತಿತ್ತು. ಗಫೂರ ಸಾಬರು ಆ ಬಿಸ್ಕೀಟು ತಿಂದರು.

ಅಲ್ಲಿಂದ ಬಂದ ಮೇಲೆ ಸುತ್ತಿಗೆ ಮುಟ್ಟಿರಲಿಲ್ಲ. ಇನ್ನೊಂದು ಪಾಟಾ ಮುರಿಯುವುದಿದ್ದರೆ ಇಷ್ಟರಲ್ಲಿ ಮುರಿಯುತ್ತಿತ್ತು, ಕೆಂಪು ಕ್ಯಾಬಿನ್ನಿನವನು ಎಲ್ಲೋ ಆರಾಮಾಗಿದ್ದಾನೆ ಅಂತ ದಿನಾ ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ದಾರಿಯಲ್ಲಿ ಯಾವ ಲಾರಿ ತೆಗ್ಗಿಗೆ ಇಳಿದು 'ಧಡ್' ಅಂದರೂ ಎದ್ದು ನಿಲ್ಲುತ್ತಿದ್ದರು.

ಗುಡಿಯಾ ಕೇಳಿದ ಆ ಮುಂಜಾನೆ ಅವರು ಆರಿದ ಚಾ ಚೆಲ್ಲಿ, ಒಳಗೆ ಹೋಗಿ ಟೋಪಿ ಹಾಕಿಕೊಂಡರು.

"ಎಲ್ಲಿಗಿ ಹೊಂಟ್ರಿ?" ಖೈರುನ್ನಿಸಾ ಕೇಳಿದಳು. "ನಾಷ್ಟಾ ಆಗ್ಲತದ."

"ಹಲಬರ್ಗಾಕ್ಕ. ಮಾರ್ಚದಾಗ ಕೇಳೋದು ಒಂದು ಉಳದದ."

"ಮಾರ್ಚದಾಗ ಕೇಳೋದು ಈಗ ನೆನಪಾತು?" ಅಂತ ನಗಲು ಹೋದ ಹೆಂಡತಿ ಅವರ ಮುಖ ನೋಡಿ ಒಲೆ ಆರಿಸಿದಳು.

ಅಂಜನಾಬಾಯಿ ಅಂಗಳದಲ್ಲಿ ತೊಗರಿಬೀಜ ಆರಿಸುತ್ತ ಕೂತಿದ್ದಳು. ಗಫೂರ ಸಾಬರು ಕಟ್ಟೆಯ ಮೇಲೆ ಕೂರಲಿಲ್ಲ, ನಿಂತೇ ಕೇಳಿದರು. "ಬಾಯಿ, ಅವತ್ತು ಗಾಡಿಗಿ ನೀರು ಹಾಕಿದ್ರೇನು?"

ಅವಳು ಮೊರ ಕೆಳಗಿಟ್ಟಳು. "ಹಾಕದೆ ಮತ್ತ? ಕಣ್ಮುಂದ ಮಗನ ಅನ್ನ ಸುಡ್ತಿತ್ತು. ಮೋಟಾರ ಚಾಲೂ ಮಾಡಿ, ಬಾವಿ ಪೈಪು ಎಳಕೊಂಡು ಹೋಗಿ ಬಿಟ್ಟೀನಿ. ಪೈಪು ಎಡಗಡಿತನಕಾನೇ ಮುಟ್ತು, ಆ ಕಡಿ ಹೋಗ್ಲಿಲ್ಲ. ಗಾಲಿ ಮ್ಯಾಲ ಬಿದ್ದಕೂಡ್ಲೆ ಕಬ್ಬಿಣ ಛುಂಯ್ ಅಂತ ಹಾವಿನಂಗ ಅಂತು."

"ಅವತ್ತೇ ಯಾಕ ಹೇಳ್ಲಿಲ್ರಿ?"

ಅಂಜನಾಬಾಯಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಹೇಳ್ಲಿಕ್ಕೇ ಬಂದಿದ್ದಿನಲ್ಲೋ ಮಾರಾಯಾ! ನಿನಗ ಕಬ್ಬಿಣಾ ಹೇಳ್ತದಂತ ನೀನೇ ಅಂದಿ. ಹತ್ತು ಮಂದ್ಯಾಗ ನನ್ನ ನಗಿಗೇಡು ಮಾಡಿದಿ. ಈಗ ಯಾಕ ಬಂದಿ, ಕಬ್ಬಿಣ ಮೂಕಾಗ್ಯಾದೇನು?"

ಅವರು ತಲೆ ಬಗ್ಗಿಸಿ, "ಗಲ್ತಿ ನಂದ್ರಿ" ಅಂದರು. ತಪ್ಪು ತಮ್ಮದು ಅನ್ನುವ ಆ ಮಾತು ಬಾಯಿಂದ ಹೊರಬಿದ್ದದ್ದು ಅದೇ ಮೊದಲು. ಅಂಜನಾಬಾಯಿಗೆ ವಿಷಯವೇನೆಂದು ತಿಳಿಯದಿದ್ದರೂ, ಇದು ತನ್ನ ನಗೆಗೇಡಿನ ಮಾತಷ್ಟೇ ಅಲ್ಲ ಅನ್ನುವುದು ತಿಳಿಯಿತು. "ನೀರು ಕುಡಿ ಮದಲ" ಅಂತ ತಂಬಿಗೆ ತಂದಳು.

ಮನೆಗೆ ಬಂದವರೇ, ಅಂಗಳದಲ್ಲಿ ಉಳಿದಿದ್ದ ಎಡಗಡೆಯ ಒಂದು ಪಾಟಾವನ್ನು ಎರಡು ಕಲ್ಲಿನ ಮೇಲಿಟ್ಟು ದೊಡ್ಡ ಸುತ್ತಿಗೆಯಿಂದ ಬಡಿದರು. ಒಳ್ಳೆಯ ಪಾಟಾ ಸುತ್ತಿಗೆಯನ್ನೇ ಹಿಂದಕ್ಕೆ ಎಸೆಯುತ್ತದೆ. ಇದು ಒಂದೇ ಏಟಿಗೆ ಎರಡಾಯಿತು. ಒಳಗೆ ಅದೇ ಕಲ್ಲುಸಕ್ಕರೆ.

ಮರುದಿನ ಔರಾದಿನ ಬಸ್ಸು ಹಿಡಿದರು. ತೊಡೆಯ ಮೇಲೆ ಟವೆಲ್ಲಿನ ಗಂಟು. ಪಕ್ಕದಲ್ಲಿ ಕೂತವನು, "ಏನ್ ಒಯ್ಲತೀರಿ ಚಾಚಾ, ಮಿಠಾಯಿ?" ಅಂದ. ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು.

ಅಶ್ವಜಿತ ಪಡಸಾಲೆಯಲ್ಲಿ ಕಾಲು ಚಾಚಿ ಮಲಗಿದ್ದ. ಮಹಾಮಾಯಾ "ಬರ್ರಿ ಭಾಯಿ" ಅಂತ ಚಾಪೆ ಹಾಸಿ, ಚಾಕ್ಕೆ ಇಟ್ಟಳು. ಗಫೂರ ಸಾಬರು ಕೂತು, ಗಂಟು ಬಿಚ್ಚಿ, ತುಂಡನ್ನು ಅವರ ನಡುವೆ ಇಟ್ಟರು. ಸುತ್ತಿಬಳಸಲಿಲ್ಲ. ಸುಟ್ಟ ಗಾಡಿ, ಬಾವಿಯ ನೀರು, ತಾವು ಮುಚ್ಚಿಸಿದ ಬಾಯಿ, ಎಲ್ಲ ಹೇಳಿದರು. "ನಿನ್ನ ಕಾಲು ರಸ್ತಾ ಮುರದಿಲ್ಲ, ಬೇಟಾ. ನಾ ಮುರದೀನಿ."

ಚಾದ ಲೋಟ ಹಿಡಿದು ನಿಂತಿದ್ದ ಮಹಾಮಾಯಾ ಕೇಳಿದಳು. "ಅವತ್ತು ದವಾಖಾನ್ಯಾಗ ನಿಮ್ಮ ಕೈ ಹಿಡ್ದು ಅತ್ತೀನಿ ನಾ. ಅವಾಗ ನಿಮಗ ಗೊತ್ತಿತ್ತೇನು?"

ಗೊತ್ತಿರಲಿಲ್ಲ ಅನ್ನಲು ಒಂದು ಗಳಿಗೆ ಸಾಕಿತ್ತು. ನಾಲಿಗೆಯ ತುದಿಗೂ ಬಂದಿತ್ತು.

"ಗೊತ್ತಿತ್ತು" ಅಂದರು.

ಅವಳು ಲೋಟವನ್ನು ಅವರ ಮುಂದೆ ಇಟ್ಟು ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಅಶ್ವಜಿತ ಆ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದ. "ಕಾಕಾ, ಎಡಗಡಿದು ಎಷ್ಟು ಪಾಟಾ ಕೊಟ್ಟೀರಿ ಹೊರಗ?"

"ಎರಡು."

"ನಂದೊಂದು. ಇನ್ನೊಂದು?"

ಗಫೂರ ಸಾಬರು ಕೆಂಪು ಕ್ಯಾಬಿನ್ನಿನ ಮಾತು ಹೇಳಿದರು. ಹೆಸರಿಲ್ಲ, ಊರಿಲ್ಲ.

"ನಿಮಗ ಗೊತ್ತಾಗಿ ಹನ್ನೆರಡು ದಿನಾ ಆತು!" ಹುಡುಗ ಎದ್ದು ಕೂರಲು ಹೋಗಿ ನೋವಿಗೆ ಹಲ್ಲು ಕಚ್ಚಿದ. "ಹನ್ನೆರಡು ದಿನಾ ಆ ಮನುಷ್ಯಾ ಅದರ ಮ್ಯಾಲ ಗಾಡಿ ಓಡಸ್ಲತ್ತಾನ, ನೀವು ಮನ್ಯಾಗ ಕೂತು ಸಂಕಟ ಪಡ್ಲತೀರಿ? ನಿಮ್ಮ ಸಂಕಟ ತಗೊಂಡು ಅವನೇನು ಮಾಡ್ಲಿ, ಗಾಲಿಗಿ ಕಟಗೋಬೇಕಾ? ನನ್ನ ಕಾಲಿನ ಲೆಕ್ಕ ಆಮ್ಯಾಗ ಮಾಡಮು. ಮದಲ ಅವನಿಗಿ ಹುಡುಕ್ರಿ."

ಅವನೇ ಮೊಬೈಲು ತೆಗೆದು ಡ್ರೈವರುಗಳ ಗ್ರೂಪಿಗೆ ಮಾತು ತುಂಬಿಸಲು ಗಫೂರ ಸಾಬರ ಬಾಯಿಯ ಮುಂದೆ ಹಿಡಿದ. ಕೆಂಪು ಕ್ಯಾಬಿನ್, ನಿಂಬೆ ಮೆಣಸಿನಕಾಯಿ ಅಂತ ಇವರು ಹೇಳಿದರು. ಸಂಜೆಯ ತನಕ ಮೂರು ಕೆಂಪು ಕ್ಯಾಬಿನ್ ಸಿಕ್ಕವು. ಮೂರೂ ಅದಲ್ಲ. ಗ್ರೂಪಿನಲ್ಲಿ ಇಲ್ಲದವರು ಇರುವವರಿಗಿಂತ ಹೆಚ್ಚು, ಅಂದ ಅಶ್ವಜಿತ. ಹೊರಡುವಾಗ ಗಫೂರ ಸಾಬರು ಆರಿದ ಚಾವನ್ನು ಪೂರ್ತಿ ಕುಡಿದು, ಲೋಟವನ್ನು ತಾವೇ ತೊಳೆದು ಬೋರಲು ಹಾಕಿ ಬಂದರು. ತುಂಡನ್ನು ಅಶ್ವಜಿತನ ಹತ್ತಿರವೇ ಬಿಟ್ಟರು. ಅದು ಇನ್ನು ಬಗಲಲ್ಲಿ ಇಟ್ಟುಕೊಳ್ಳುವ ಸಾಮಾನಾಗಿರಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಕರುಣಾ ಹಪ್ಪಳ ಒಣಹಾಕುತ್ತಿದ್ದಾಗ ಗಫೂರ ಸಾಬರು ರಸ್ತೆ ದಾಟಿ ಬಂದರು. ತಲೆಯ ಮೇಲೆ ಮೂರು ತಗಡು. ಸುಟ್ಟ ಲಾರಿಯ ಕ್ಯಾಬಿನ್ನಿನವು, ತುಕ್ಕು ತಿಕ್ಕಿ, ಬಡಿದು ಸಪಾಟು ಮಾಡಿದ್ದರು. ಕೈಯಲ್ಲಿ ಬಣ್ಣದ ಡಬ್ಬಿ. ಅವಳಿಗೆ ಅಷ್ಟರಲ್ಲಿ ಖೈರುನ್ನಿಸಾಳಿಂದ ಎಲ್ಲ ಗೊತ್ತಾಗಿತ್ತು.

"ಬೇಟಿ, ನಂಗ ಕನ್ನಡ ಬರಿಲಿಕ್ಕಿ ಬರಂಗಿಲ್ಲ. ನೀ ಬಾಗಲಿಗಿ ಗುಡಿಯಾನ ಹೆಸರು ಬರದದ್ದು ನಾ ಅಂಗಳದಿಂದ ಓದ್ತೀನಿ, ಅಷ್ಟು ಛಲೋ ಅಕ್ಷರ ಅವ" ಅಂದರು. ಒಂದು ತಮ್ಮ ಬೇಲಿಗೆ, ಒಂದು ಹಲಬರ್ಗಾದ ತಿರುವಿಗೆ, ಒಂದು ಭಾಲ್ಕಿ ಸ್ಟೇಷನ್ನಿನ ಹತ್ತಿರ ಲಾರಿ ನಿಲ್ಲುವ ಕಡೆ. ಬರೆಯಬೇಕಾದದ್ದನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದರು: ಬೀದರಿನ ಅಬ್ದುಲ ಗಫೂರ ಕೊಟ್ಟ ಪಾಟಾ ಕೆಟ್ಟದ್ದದ. ಮುರೀತದ. ಗಾಡಿ ನಿಲ್ಲಿಸಿ ತೆಗಸ್ರಿ. ಗಲ್ತಿ ನನ್ನದು.

ಕರುಣಾ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡಳು. "ಕಾಕಾ, ಪಾಟಾ ವಾಪಸ್ ತರ್ರಿ ಅಂತಷ್ಟೇ ಬರಿಯಮು. ಗಲ್ತಿ ಗಿಲ್ತಿ ಯಾಕ? ನಾಳಿಂದ ನಿಮ್ಮ ಅಂಗಳಕ್ಕ ಯಾರು ಬರ್ತಾರ್ರಿ?"

"ಬರೇ ವಾಪಸ್ ತಾ ಅಂದ್ರ ಅವ ತರಂಗಿಲ್ಲ, ಬೇಟಿ. ಛಲೋ ಮಾಲು ಕೊಟ್ಟು ಮುದುಕ ಈಗ ಆಸಿ ಮಾಡ್ಲತ್ತಾನ ಅಂತ ಇನ್ನೂ ಜ್ವಾಪಾನ ಇಟಗೋತಾನ. ಗಲ್ತಿ ಅಂತ ಓದಿದ್ರ ಅಂಜಿ ನಿಲ್ತಾನ."

ಅವರು ತಗಡುಗಳನ್ನು ಕಟ್ಟೆಗೆ ಒರಗಿಸಿ, ಡಬ್ಬಿಯ ಮುಚ್ಚಳ ತೆಗೆದು, ಕುಂಚವನ್ನು ಅವಳ ಕೈಗೆ ಕೊಟ್ಟರು.

"ನನ ಹೆಸರು ಸಣ್ಣದಾದ್ರೂ ನಡೀತದ. ಗಲ್ತಿ ಅನ್ನೋದು ಎಲ್ಲಕ್ಕಿಂತ ದೊಡ್ಡದು ಬರೀ. ಓಡೋ ಗಾಡ್ಯಾಗ ಕೂತವಗ ಕಾಣಬೇಕು. ಇಷ್ಟು ಮಾಡಿಕೊಡು, ಬೇಟಿ."